ಬೈರಿಗೆಶಂಖದ ಸೊಂಟ

ಒಂದೇ ಒಂದು ಸೀನು. ಅಷ್ಟಕ್ಕೇ, ಕೆಲಸ ಕಾಯಂ ಆಗಬೇಕಿದ್ದ ದಿನ ಸೀನಣ್ಣನ ಪಾಲಿಗೆ ಕೆಟ್ಟು ಕೆರ ಹಿಡಿಯಿತು.

ಸೀನಣ್ಣ ಕಡಲಜೀವಿಗಳ ಮ್ಯೂಸಿಯಮ್ಮಿನ ಸಹಾಯಕ. ಧೂಳು ಒರೆಸೋದು ಅವನ ಕೆಲಸ, ಧೂಳು ಕಂಡರೆ ಸೀನೋದು ಅವನ ಕರ್ಮ. ಬೆಳಿಗ್ಗೆ ಅಂಗೈಯಲ್ಲಿದ್ದದ್ದು ಬೈರಿಗೆಶಂಖ: ಬೈರಿಗೆಯ ಮೊನೆಯಂತೆ ತಿರುಚಿಕೊಂಡ, ಬೆಂಕಿಕಡ್ಡಿಯ ಅರ್ಧದಷ್ಟೂ ಉದ್ದವಿಲ್ಲದ ಕಡಲ ಹುಳುವಿನ ಚಿಪ್ಪು. ಆಕ್ಷೀ! ಚಿಪ್ಪು ರಾಕೆಟ್ಟಿನಂತೆ ಹಾರಿ, ಗೋಡೆಗೆ ಬಡಿದು ಎರಡು ತುಂಡು.

"ಸತ್ತೆ! ಮಧ್ಯಾಹ್ನ ಶಂಖದ ಸಂಶೋಧನೆ ಮಾಡೋ ಮೇಡಂ ಬರೋದೇ ಇದನ್ನ ನೋಡೋಕೆ!"

"ಅಳಬೇಡ್ವೋ, ತಾ ಇಲ್ಲಿ," ಅಂದ ವಾಚ್‌ಮನ್ ತಾತ. "ಎಷ್ಟು ಚಪ್ಪಲಿ ಅಂಟಿಸಿಲ್ಲ ನಾನು!"

ಚಪ್ಪಲಿಗೆ ಬೇಕಾಗುವಷ್ಟೇ ಗೋಂದು ಸುರಿದ. ಶಂಖದ ಸೊಂಟಕ್ಕೆ ಇಸಬು ಎದ್ದಂತಾಯಿತು.

ಟೈಪಿಸ್ಟ್ ಅಕ್ಕ ತಾತನನ್ನು ತಳ್ಳಿ, ವ್ಯಾನಿಟಿ ಬ್ಯಾಗಿನಿಂದ ನೇಲ್ ಪಾಲಿಷ್ ತೆಗೆದಳು. "ಸುತ್ತ ಒಂದು ಗೆರೆ ಎಳೆದ್ರೆ ಮುಚ್ಚಿಹೋಗುತ್ತೆ."

"ಅಕ್ಕಾ, ಗುಲಾಬಿ ಬಣ್ಣ!"

"ಬೇರೇದು ಮನೇಲಿದೆ. ಹೋಗಿ ತರ್ಲಾ? ಬಾಯ್ಮುಚ್ಕೊಂಡು ಗಾಳಿ ಹಾಕು!"

ಮಧ್ಯಾಹ್ನ ಮೇಡಂ ಬಂದರು. ಹಿಂದೆಯೇ ಸೀನಣ್ಣನ ಕಾಯಂ ಆರ್ಡರ್ ಹಿಡಿದ ಡೈರೆಕ್ಟರ್ ಸಾಹೇಬರು. ಮೇಡಂ ಭೂತಗನ್ನಡಿ ಹಿಡಿದು ಬಗ್ಗಿದರು. ಏಳಲೇ ಇಲ್ಲ. ಇನ್ನೊಂದು ಸೀನು ಬಾರದಿರಲೆಂದು ಸೀನಣ್ಣ ಮೂಗು ಹಿಡಿದುಕೊಂಡ.

"ಯಾರ್ರೀ ಇದನ್ನ ನೋಡ್ಕೊಳ್ಳೋದು?"

"ನಾ... ನಾನೇ ಮೇಡಂ."

"ಜೀವಮಾನ ಪೂರ್ತಿ ಶಂಖ ನೋಡಿದೀನಿ. ಸೊಂಟಕ್ಕೆ ಗುಲಾಬಿ ಪಟ್ಟಿ ಇರೋದನ್ನ ಎಲ್ಲೂ ಕಂಡಿಲ್ಲ. ಇದು ಹೊಸ ಜಾತಿ ಕಣ್ರೀ!"

ಚಪ್ಪಾಳೆಯೋ ಚಪ್ಪಾಳೆ. ಟೈಪಿಸ್ಟ್ ಅಕ್ಕ ಉಗುರುಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಸೀನಣ್ಣ ನಾಲಗೆ ಕಚ್ಚಿಕೊಂಡು ಹಲ್ಲು ಕಿರಿದ.

"ಭೇಷ್ ಕಣಯ್ಯ! ಈಗಲೇ ಕಾಯಂ ಮಾಡ್ತೀನಿ!" ಸಾಹೇಬರು ಪೆನ್ನು ತೆರೆದರು.

"ತಡೀರಿ," ಅಂದರು ಮೇಡಂ. "ಖಾಲಿ ಚಿಪ್ಪೊಂದನ್ನೇ ತೋರಿಸಿದ್ರೆ ಯಾರು ಒಪ್ತಾರೆ? ಇಂಥದ್ದೇ ಇನ್ನೊಂದು ಬೇಕು, ಜೀವ ಇರೋದು."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

"ಕೇಳಿಸ್ತಲ್ಲ ಸೀನಣ್ಣ? ನಾಳೆಯಿಂದ ನಿನ್ನ ಡ್ಯೂಟಿ ಸಮುದ್ರದ ದಂಡೆ. ಮರಳು ಜರಡಿ ಹಿಡಿ. ಜೀವಂತ ಹುಳು ತಂದ ದಿನವೇ ಸೈನ್ ಹಾಕ್ತೀನಿ."

"ಸಿಗದಿದ್ರೆ, ಸಾರ್?"

ಸಾಹೇಬರು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು.

"ಅವಸರವೇನಿಲ್ಲಪ್ಪ, ನಿಧಾನವಾಗಿ ಹುಡುಕು. ಸಿಗೋವರೆಗೂ ನೀನು ಟೆಂಪರರಿ."