ಮಾವನ ಕೈ, ಮಾವನ ಬಾಯಿ

ನನ್ನ ಸೋದರಮಾವನ ಮಾತಿಗೆ ಬಗ್ಗದಿದ್ದದ್ದು ಇಡೀ ಹೊನ್ನಾವರ ತಾಲೂಕಿನಲ್ಲಿ ಒಂದೇ ಒಂದು. ಅದು ಅವನ ಬಲಗೈ!

ಕರ್ಕಿಯ ಈ ಮಾವ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿದ ಮೇಲೆ ಕುಳಿತಲ್ಲೇ ಮಾತಿನಲ್ಲಿ ಕಾದಾಡುವ ಕೆಲಸ. ಮನೆಯಲ್ಲಿ ಅತ್ತೆ "ಉಪ್ಪು ಸಾಕಾ?" ಎಂದು ಕೇಳಿದರೂ ವಾದ ಮುಗಿಯದೆ ತುತ್ತು ಇಳಿಯುತ್ತಿರಲಿಲ್ಲ. ಅಂಥವನ ಕೈ, ನಿಲ್ಲು ಎಂದರೆ ಇನ್ನಷ್ಟು ನಡುಗುತ್ತಿತ್ತು!

ಅರವತ್ತರ ದಶಕದ ಮಾತು. ಹೊನ್ನಾವರದ ಡಾಕ್ಟರು ಇದು ಪಾರ್ಕಿನ್ಸನ್ ಕಾಯಿಲೆ ಎಂದು ಹೇಳಿ, ಮುಂಬಯಿಯಿಂದ ಗುಳಿಗೆ ತರಿಸಿಕೊಟ್ಟರು.

"ಪೂರ್ತಿ ವಾಸಿ ಆಗೂದಿಲ್ಲ. ನಡುಕ, ಬಿಗಿತ ಕಮ್ಮಿ ಆಗ್ತದೆ. ಬಾಯಿ ಮಾತ್ರ ಒಣಗ್ತದೆ."

"ಬಾಯಿ ಒಣಗಿದ್ ಮೇಲೆ ನಾ ಇದ್ದು ಎಂತ ಮಾಡೂದು ಡಾಕ್ಟ್ರೆ? ಮೂಗು ಒಣಗೂ ಗುಳಿಗೆ ಇದ್ರೆ ಕೊಡಿ!"

ಗುಳಿಗೆ ನುಂಗಿದರೆ ನಿಜಕ್ಕೂ ನಾಲಿಗೆ ಅಂಟಿಕೊಳ್ಳುತ್ತಿತ್ತು. ಪ್ರಾಣಕ್ಕಿಂತ ಪ್ರಿಯವಾದ ಎಲೆಯಡಿಕೆಯ ಕವಳ ಒಣಹುಲ್ಲಾಗುತ್ತಿತ್ತು. ಆದ್ದರಿಂದ ಕುಮಟೆಯ ತಾಳಮದ್ದಳೆ ಕೂಟದ ದಿನ ಮಾವ ಅತ್ತೆಗೂ ಹೇಳದೆ ಗುಳಿಗೆ ಬಿಟ್ಟ. ಅವನದು ಸಿಟ್ಟಿನ ರಾಜನ ಪಾತ್ರ. ತೊಡೆಯ ಮೇಲೆ ಕೈ ಗಡಗಡ! "ಎಂಥಾ ಆವೇಶ!" ಎಂದು ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಮಂಗಳ ಹಾಡಿಯಾಯಿತು, ಎಲ್ಲರೂ ಎದ್ದರು. ಮಾವ ಏಳಲಿಲ್ಲ. ಮೈ ಬಿಗಿದು ಏಳಲಾಗಲಿಲ್ಲ ಎಂದು ಯಾರಿಗೆ ಗೊತ್ತು? ವಾದ ಇನ್ನೂ ಬಾಕಿಯಿದೆ ಎಂದುಕೊಂಡು ಎದುರಾಳಿಯಾದ ಕುಮಟೆಯ ಮಾಸ್ತರರು ಮತ್ತೆ ಕುಳಿತರು. ಅವರನ್ನು ನೋಡಿ ಭಾಗವತರು, ಅವರನ್ನು ನೋಡಿ ಸಭೆಯೆಲ್ಲ ಕುಳಿತಿತು!

ಮಾವನನ್ನು ಎತ್ತಿಕೊಂಡು ಮನೆಗೆ ತಂದೆವು. ಅಂದಿನಿಂದ ಹಟ. "ಕೈಯೂ ಬಿಡ್ತ್ನಿಲ್ಲೆ, ಬಾಯೂ ಬಿಡ್ತ್ನಿಲ್ಲೆ" ಎಂದ. ಹೊತ್ತಿಗೆ ಸರಿಯಾಗಿ ಗುಳಿಗೆ, ಬಾಯಿ ಒಣಗದಂತೆ ದವಡೆಯಲ್ಲಿ ಕಲ್ಲುಸಕ್ಕರೆ, ಬೆಳಿಗ್ಗೆ ಎದ್ದರೆ ಕಡಲ ದಂಡೆಯಲ್ಲಿ ತೆರೆಗಳ ಜೊತೆ ವಾದ.

"ಯಾರು ಗೆದ್ದರು ಮಾವಾ?"

"ಅದು ಹಿಂದೆ ಹಿಂದೆ ಸರೀತಾ ಇದ್ದು, ಕಾಣ್ತಿಲ್ಯಾ?"

ಇಳಿತದ ಹೊತ್ತು ನೋಡಿಕೊಂಡೇ ಹೋಗುತ್ತಿದ್ದ, ಘಾಟಿ!

ಆದರೆ ರೋಗ ಗುಳಿಗೆಯನ್ನು ದಾಟಿ ಮುಂದೆ ಹೋಯಿತು. ಕೆಲವು ವರ್ಷಗಳಲ್ಲಿ ಧ್ವನಿ ಕುಗ್ಗಿತು. ಕೂಟದವರು ಕರೆಯಲು ಹಿಂಜರಿದರು. "ಕರೀದಿದ್ರೂ ಆನು ಬತ್ತೆ" ಎಂದು ಹೇಳಿಕಳಿಸಿ, ಕರ್ಕಿಯ ದೇವಸ್ಥಾನದಲ್ಲಿ ಮತ್ತೆ ಮಾಸ್ತರರ ಎದುರು ಕುಳಿತ. ನೀರು ಕೊಡಲು ಪಕ್ಕದಲ್ಲಿ ನಾನು. ಮಾವ ಮಾತಾಡಿದ. ಹಿಂದಿನಿಂದ ಯಾರೋ ಕೂಗಿದರು, "ಎಂತದೂ ಕೇಳೂದಿಲ್ಲ!" ನಾನು ನೀರಿನ ಲೋಟ ಮುಂದೆ ಹಿಡಿದೆ.

ಹಿಂದೆಲ್ಲ ಮಾವನಿಗೆ ಒಂದು ವಾಕ್ಯವನ್ನೂ ಪೂರ್ತಿ ಮಾಡಲು ಬಿಡದಿದ್ದ ಮಾಸ್ತರರು ಅಂದು ಹತ್ತಿರ ಬಗ್ಗಿ ಪೂರ್ತಿ ಕೇಳಿದರು. ಆಮೇಲೆ ಸಭೆಯ ಕಡೆ ತಿರುಗಿ, "ತಾವು ಹೇಳುವುದು ಹೀಗಲ್ಲವೇ?" ಎಂದು ಅವನ ಮಾತನ್ನು ಒಂದಂಶವೂ ಬಿಡದೆ ಗಟ್ಟಿಯಾಗಿ ಹೇಳಿದರು. ನಂತರವೇ ತಮ್ಮ ಉತ್ತರ. ಪ್ರತಿ ಸಲವೂ ಹೀಗೆಯೇ. ಕೊನೆಯಲ್ಲಿ ಕೈಮುಗಿದು, "ಇದಕ್ಕೆ ನನ್ನಲ್ಲಿ ಉತ್ತರವಿಲ್ಲ" ಎಂದರು.

ಸಭೆ ಚಪ್ಪಾಳೆ ತಟ್ಟಿತು. ಮಾವ ನಡುಗುವ ಕೈಯಿಂದ ಮಾಸ್ತರರ ಅಂಗಿ ಜಗ್ಗಿದ. "ಉತ್ತರ ಇದ್ದು ಮಾಸ್ತ್ರೆ. ಗೆಲುವು ದಾನ ಬ್ಯಾಡ. ಕಿವಿ ತನ್ನಿ, ಹೇಳ್ತೆ."

ತನ್ನ ಮಾತಿಗೆ ತಾನೇ ಉತ್ತರ ಹೇಳಿಕೊಟ್ಟ. ಮಾಸ್ತರರು ಕಣ್ಣೊರೆಸಿಕೊಂಡು ಅದನ್ನೇ ಗಟ್ಟಿಯಾಗಿ ಹೇಳಿದರು. ಮಾವ ಸೋತ. ಅವನು ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವನ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದೂ ಅದೇ ಮೊದಲು.