ಬೈಸಿಕೊಳ್ಳುವ ಮೇಷ್ಟ್ರು

ಹೊಗಳಿದರೆ ಮುಖ ಗಂಟಿಕ್ಕಿ, ಬೈದರೆ ಟೀ ಕುಡಿಸುವ ಮನುಷ್ಯನನ್ನು ನೀವು ನೋಡಿಲ್ಲವೇ? ಚನ್ನಗಿರಿಯ ನನ್ನ ಪಾತ್ರೆ ಅಂಗಡಿಗೆ ಬನ್ನಿ, ಹೆಂಡತಿಯ ತಮ್ಮನನ್ನು ತೋರಿಸುತ್ತೇನೆ. ನೋಡಲು ದುಡ್ಡು ಕೊಡಬೇಕಿಲ್ಲ!

ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದವರಿಗೆ ಸಾಫ್ಟ್‌ವೇರ್ ಮಾಡುವುದನ್ನು ಕಲಿಸುವ ಅತಿಥಿ ಉಪನ್ಯಾಸಕ ಇವನು. ಕಲಿಸುವ ವರಸೆ ಕೇಳಿ. ಮೊದಲ ತಿಂಗಳು ಕಂಪ್ಯೂಟರ್ ಮುಟ್ಟಿಸುವುದಿಲ್ಲ. ವಿದ್ಯಾರ್ಥಿಗಳನ್ನು ನನ್ನ ಅಂಗಡಿಯಲ್ಲಿ ತಂದು ನಿಲ್ಲಿಸುತ್ತಾನೆ! ಒಮ್ಮೆ ನಲ್ಲೂರಿನ ಹೆಂಗಸೊಬ್ಬಳು ದೊಡ್ಡ ಕುಕ್ಕರ್ ಕೇಳಿದಳು. "ಮನ್ಯಾಗೆ ಎಷ್ಟು ಜನ ಅಕ್ಕಾ?" ಎಂದಿತು ವಿದ್ಯಾರ್ಥಿಗಳಲ್ಲಿ ಒಂದು ಹುಡುಗಿ. ಇಬ್ಬರೇ! ಆಕೆ ಸಣ್ಣದನ್ನು ಒಯ್ದಳು. "ನೋಡ್ರಪ್ಪಾ, ಗಿರಾಕಿ ಕೇಳೋದೇ ಬೇರೆ, ಬೇಕಾಗಿರೋದೇ ಬೇರೆ," ಎಂದು ಇವನು ಹಿಗ್ಗಿದ. ದೊಡ್ಡ ಕುಕ್ಕರ್ ಇಂದಿಗೂ ನನ್ನನ್ನೇ ನೋಡುತ್ತಾ ಕೂತಿದೆ.

ಮುಂದಿನ ವರ್ಷವೂ ಕೋರ್ಸ್ ಇವನಿಗೇ ಸಿಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ವಿದ್ಯಾರ್ಥಿಗಳ ಅಭಿಪ್ರಾಯ ಪತ್ರ. ನಾನು ಬುದ್ಧಿ ಹೇಳಿದೆ: "ಮೊದ್ಲು ಹುಡುಗ್ರಿಗೆ ಮಂಡಕ್ಕಿ, ಮಿರ್ಚಿ ತಿನ್ಸು. ಗಿರಾಕಿನ ಕೂರಿಸದೆ ಯಾರಾದ್ರೂ ರೇಟು ಹೇಳ್ತಾರೇನೋ?"

ಇವನು ಮಾಡಿದ್ದೇನು? ಎಲ್ಲರಿಗೂ ಕಡಿಮೆ ಅಂಕ ಬಂದಿದ್ದ ಟೆಸ್ಟ್ ಪೇಪರ್ ಹಂಚಿ, ಅದರ ಬೆನ್ನಿಗೇ ಅಭಿಪ್ರಾಯ ಕೇಳಿದ! "ಹೊಟ್ಟೆ ಉರಿದಾಗ್ಲೇ ಭಾವ, ನಿಜ ಬರೋದು."

ನಿಜ ಧಾರಾಳವಾಗಿಯೇ ಬಂದಿತ್ತು. ಕಚೇರಿಗೆ ಕೊಡುವ ಮೊದಲು ಆ ಕಟ್ಟನ್ನು ಅಂಗಡಿಗೆ ತಂದು ಓದಿದ. "ಸಾಫ್ಟ್‌ವೇರ್ ಕಲಿಯಲು ಸೇರಿದೆ, ಕುಕ್ಕರ್ ಮಾರಲು ಕಲಿತೆ." ಇನ್ನೊಂದು: "ನನ್ನ ಪ್ರೋಗ್ರಾಂ 'ನಿಮ್ಮ ವಯಸ್ಸೆಷ್ಟು' ಎಂದು ಕೇಳಿದರೆ ಸಾರ್ 'ನಮ್ಮಜ್ಜಿಗೆ ಗೊತ್ತು' ಎಂದು ಟೈಪ್ ಮಾಡಿ ಅದನ್ನು ಕೆಡಿಸುತ್ತಾರೆ!"

"ಜನ ಹಂಗೇ ಅಲ್ವಾ ಮಾಡೋದು?" ಎಂದು ನಗುತ್ತಾ ಟೀ ಹೇಳಲು ಹೋದ.

ನನಗೆ ಇವನದೇ ಚಿಂತೆ. ಎರಡು ಮಕ್ಕಳ ತಂದೆ, ಕೆಲಸ ಹೋದರೆ? ಕಟ್ಟಿನಲ್ಲಿ ಒಂದು ಖಾಲಿ ಪತ್ರವಿತ್ತು. ತುಂಬಿದೆ: "ಇಂಥ ಮೇಷ್ಟ್ರು ಎಲ್ಲೂ ಸಿಗಲ್ಲ. ಎಲ್ಲಾ ಫಸ್ಟ್ ಕ್ಲಾಸ್." ನಡುವೆ ತುರುಕಿದೆ.

ಬಂದವನು ಅದನ್ನೇ ಎಳೆದ. "ಭಾವ, ಇದು ನಿಮ್ದು."

"ಹೆಂಗೋ ಹೇಳ್ತೀಯ?"

"ಇದ್ರಾಗೆ ಒಂದೂ ತಪ್ಪು ಹುಡುಕಿಲ್ಲ. ನನ್ನ ಹುಡುಗ್ರಿಗೆ ಕಲಿಸಿರೋದೇ ತಪ್ಪು ಹುಡುಕೋದು, ಬಿಡ್ತಾರಾ?" ಹರಿದೇ ಬಿಟ್ಟ!

ಪತ್ರದ ಕೊನೆಯ ಪ್ರಶ್ನೆ: ಈ ಕೋರ್ಸನ್ನು ಇವರೇ ಮುಂದುವರಿಸಬೇಕೇ? ನಾನು ಒಂದೊಂದನ್ನೇ ಹೆದರುತ್ತಾ ತಿರುವಿದೆ. ಅಷ್ಟು ಬೈದಿದ್ದವರು, ಮೂವರನ್ನು ಬಿಟ್ಟು, ಎಲ್ಲರೂ 'ಹೌದು' ಎಂದಿದ್ದರು! ಯಾವ ಊರಿನ ಯಾರ ಮಗುವೋ, ಒಂದು ಸಾಲು ಹೆಚ್ಚು ಬರೆದಿತ್ತು: "ಸಾರ್ ಬೈದದ್ದು ನನ್ನ ಪ್ರೋಗ್ರಾಂಗೆ, ನನಗಲ್ಲ."

ಬಾಮೈದ ಆ ಹಾಳೆಯನ್ನು ಕಿತ್ತುಕೊಂಡು ಮತ್ತೆ ಮತ್ತೆ ಓದಿದ. ಟೀ ಆರಿತು. ಆಮೇಲೆ ಮೆಲ್ಲಗೆ, "ಭಾವ, ಇದೊಂದು ಜೆರಾಕ್ಸ್ ಮಾಡಿಸ್ತೀರಾ?" ಎಂದ.

ಎದುರಿನ ಅಂಗಡಿಗೆ ನಾನೇ ಓಡಿದೆ. ಎರಡು ಪ್ರತಿ ತೆಗೆಸಿದೆ, ಒಂದು ನನಗೆ. ಜೆರಾಕ್ಸಿನವನು ಕೇಳಿದಷ್ಟು ದುಡ್ಡು ಕೊಟ್ಟು ಬಂದೆ, ಚೌಕಾಸಿ ಮಾಡಬೇಕೆಂಬುದೇ ನೆನಪಾಗಲಿಲ್ಲ.