ಮೊಳಕಾಲ್ಮೂರಿನವನ ಕಡಲಹಕ್ಕಿ

ಕಡಲಿಗೂ ಮೊಳಕಾಲ್ಮೂರಿಗೂ ಯಾವ ನಂಟೂ ಇಲ್ಲ. ಆದರೂ ಮನೆಯಲ್ಲೇ ರೇಷ್ಮೆ ಸೀರೆ ನೇಯುವ ನನಗೆ ಕಡಲಹಕ್ಕಿಯ ಹುಚ್ಚು ಹಿಡಿಯಿತು. ಅಂದಿನಿಂದ ಒಂದಲ್ಲ ಒಂದು ಫಜೀತಿ ತಪ್ಪಿದ್ದಿಲ್ಲ. ನನ್ನ ಆಸೆ ದೊಡ್ಡದೇನಲ್ಲ. ಸೂಟಿ ಟರ್ನ್ ಎಂಬ ಹಕ್ಕಿಯನ್ನು ಒಮ್ಮೆ ಕಣ್ತುಂಬ ನೋಡಬೇಕು, ಅಷ್ಟೇ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಹಣೆಯ ಮೇಲೆ ಬಿಳಿ ಪಟ್ಟಿ. ನಡುಗಡಲಲ್ಲೇ ಬದುಕುವ ಅದು ಬೇಸಿಗೆ ಮುಗಿಯುವ ಹೊತ್ತಿಗೆ ಒಮ್ಮೊಮ್ಮೆ ನಮ್ಮ ಕರಾವಳಿಯ ಕಡೆ ಹಾಯುತ್ತದೆ.

೧. ಬೇಲಿ ಪಕ್ಕದ ಅಭ್ಯಾಸ

ಹಾರುವ ಹಕ್ಕಿಗೆ ದುರ್ಬೀನು ಹಿಡಿಯುವುದನ್ನು ಕಲಿಯಲು ಚಳ್ಳಕೆರೆ ಕಡೆಯ ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿಗೆ ಹೋದೆ. ಅಲ್ಲಿ ಸರ್ಕಾರದ ಯಾವುದೋ ಗುಟ್ಟಿನ ಕೇಂದ್ರಕ್ಕೆ ಹಾಕಿದ ದೊಡ್ಡ ಬೇಲಿ. ಅದರ ಕಾವಲುಗಾರ ಓಡಿ ಬಂದ.

"ಏನ್ ನೋಡ್ತಿದೀಯಲೇ?"

"ಕಡಲಹಕ್ಕಿ ನೋಡೋದು ಕಲೀತಿದೀನಣ್ಣ."

ಅವನು ಸುತ್ತಲಿನ ಒಣಹುಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಇಂಥವನಿಂದ ದೇಶಕ್ಕೇನೂ ಅಪಾಯವಿಲ್ಲ ಎಂದು ಖಾತ್ರಿಯಾಯಿತೇನೋ, ದನಿ ಇಳಿಸಿದ. "ಹೆಂಗೂ ದುರ್ಬೀನು ಕೈಯಾಗೈತೆ. ಸಾಹೇಬ್ರ ಜೀಪ್ ಬರ್ತೈತೇನ್ ನೋಡ್ತಿರು, ನಾನೊಂದ್ ಬೀಡಿ ಸೇದ್ತೀನಿ."

೨. ತಲೆ ತಗ್ಗಿಸಿದ ಯಾತ್ರೆ

ಮೇ ತಿಂಗಳಲ್ಲಿ ಪಕ್ಷಿಪ್ರೇಮಿಗಳ ಜೊತೆ ಮೀನುಗಾರಿಕೆ ದೋಣಿ ಹತ್ತಿದೆ. ದಡ ಮರೆಯಾಗುವಷ್ಟರಲ್ಲಿ ಹೊಟ್ಟೆ ತೊಳೆಸಿತು. ಅಂಚಿಗೆ ಜೋತುಬಿದ್ದು ವಾಂತಿ ಮಾಡುತ್ತಲೇ ಇದ್ದೆ. "ಅಗೋ, ಸೂಟಿ ಟರ್ನ್!" ಎಂದು ಆ ಬದಿಯಲ್ಲಿ ಕೂಗೆದ್ದಾಗ ನನ್ನ ತಲೆ ಈ ಬದಿಯಲ್ಲಿತ್ತು. ಈ ಬದಿಗೆ ಬಂತು ಎಂದಾಗ ನಾನು ಆ ಬದಿಗೆ ಹೋಗಿದ್ದೆ. ದೋಣಿಯವರು ನೀರಿನ ಬಾಟಲಿ ಕೊಡುತ್ತ ಕೇಳಿದರು, "ಮಾರಾಯ್ರೇ, ನೀವು ಹಕ್ಕಿ ನೋಡ್ಲಿಕ್ಕೆ ಬಂದದ್ದಾ, ಮೀನು ನೋಡ್ಲಿಕ್ಕಾ?"

೩. ಬೇವಿನ ಮರದ ಕಡಲು

ಮರುವರ್ಷ ಹೆಂಡತಿಯೇ ಉಪಾಯ ಹುಡುಕಿದಳು. ಹಳೇ ಸೀರೆಯಿಂದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ, ನನ್ನ ಕೊರಳಿಗೆ ದುರ್ಬೀನು ಹಾಕಿ ಕೂರಿಸಿ, ದಿನಾ ಸಂಜೆ ತೂಗಿದಳು. ಹೊಟ್ಟೆಗೆ ರೂಢಿಯಾಗಲಿ ಅಂತ. ಎದುರುಮನೆಯ ತೆಲುಗು ಅಜ್ಜಿ ನೋಡಿ ನೋಡಿ ಕೊನೆಗೆ ಕೇಳಿಯೇಬಿಟ್ಟಳು, "ಅಯ್ಯೋ ಪಾಪಂ, ಇಷ್ಟು ತೂಗಿದ್ರೂ ನಿನ್ ಗಂಡ ಮಲಗಲ್ವೇನಮ್ಮಾ?"

೪. ಬುಟ್ಟಿಯೊಳಗಿನ ಅತಿಥಿ

ಆದರೆ ಆ ವರ್ಷ ಮುಂಗಾರಿನ ಗಾಳಿ ಬೇಗ ಎದ್ದಿತು. ದೋಣಿ ಕಡಲಿಗಿಳಿಯಲೇ ಇಲ್ಲ. ಬೆಳ್ಳಂಬೆಳಿಗ್ಗೆ ಕರಾವಳಿ ಮುಟ್ಟಿ ದಡದಲ್ಲಿ ಪೆಚ್ಚಾಗಿ ಕೂತಿದ್ದಾಗ ಹೆಂಡತಿಯ ಫೋನು ಬಂತು.

"ಏನ್ರೀ, ಗಾಳಿಗೆ ಒಂದು ಹಕ್ಕಿ ಬಂದು ನಮ್ಮ ಅಂಗಳದಾಗೆ ಬಿದ್ದೈತೆ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಹಣೆ ಮ್ಯಾಲೆ ಪಟ್ಟಿ ಐತೆ. ಬುಟ್ಟಿ ಮುಚ್ಚಿ ಇಟ್ಟೀನಿ. ಅರಣ್ಯದೋರು ಸಂಜೆಗೆ ಬಂದು ಒಯ್ತಾರಂತೆ. ಅಷ್ಟರಾಗೆ ಬರ್ರಿ!"

ಸಿಕ್ಕ ಬಸ್ಸು ಹತ್ತಿದೆ. ಬಸ್ಸು ಟೀಗೆ ನಿಂತಲ್ಲೆಲ್ಲ ಕಂಡಕ್ಟರನ ಜೀವ ತಿಂದೆ. ಮನೆ ಮುಟ್ಟಿದಾಗ ಅರಣ್ಯದವರ ಜೀಪು ಬಾಗಿಲಲ್ಲೇ ಇತ್ತು. ಹೆಂಡತಿ ಅವರಿಗೆ ಟೀ ಮೇಲೆ ಟೀ ಕುಡಿಸಿ ಹಿಡಿದಿಟ್ಟಿದ್ದಳು. ಮೊಟ್ಟೆಯನ್ನೂ ಒಳಗೆ ಬಿಡದ ನಮ್ಮ ಮನೆಗೆ ಹಕ್ಕಿಗಾಗಿ ಪೇಟೆಯಿಂದ ಮೀನು ಬಂದಿತ್ತು. ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ ಎಂದು ನನ್ನ ಕಣ್ಣು ಒದ್ದೆಯಾಯಿತು.

ಅವಳು ಬುಟ್ಟಿ ಎತ್ತಿದಳು. ಸೂಟಿ ಟರ್ನೇ! ಮಂಡಿಯೂರಿ ಮುಖ ಹತ್ತಿರ ಒಯ್ದೆ. ಹಕ್ಕಿಯೂ ನನ್ನನ್ನೇ ನೋಡಿತು. ಆಮೇಲೆ ಕತ್ತು ಕುಲುಕಿ, ತಿಂದ ಮೀನನ್ನೆಲ್ಲ ನನ್ನ ಅಂಗಿಯ ಮೇಲೆ ಕಕ್ಕಿತು.

ಹೆಂಡತಿ ಸೆರಗಿನಿಂದ ಒರೆಸುತ್ತ ನಕ್ಕಳು. "ಬೇಜಾರಾಗ್ಬ್ಯಾಡ್ರಿ. ನೀವು ಅದರ ಊರಿಗೋಗಿ ಮಾಡಿದ್ದನ್ನೇ ಅದು ನಮ್ಮೂರಿಗೆ ಬಂದು ಮಾಡೈತೆ."